ಮೆದೆ ಕರಗಿದರೆ ಹಾಲೆಲ್ಲಿ?

ಕನಕಪುರ, ಮಾಗಡಿ ಸೀಮೆಯಲ್ಲಿ ಒಂದು ಮನೆಯ ಹಾಲಿನ ಭವಿಷ್ಯ ತಿಳಿಯಬೇಕಾದರೆ ಹಿತ್ತಲಿನ ಹುಲ್ಲಿನ ಮೆದೆ ನೋಡಬೇಕು. ಸಂಕ್ರಾಂತಿ ಹೊತ್ತಿಗೆ ರಾಗಿ ಕಣ ಮುಗಿದು ಮೆದೆ ಎದ್ದಿರುತ್ತದೆ. ಮುಂಗಾರು ಹಿಡಿಯುವ ತನಕ ಅದು ಬಂದರೆ ಹಸು ಕೊಟ್ಟಿಗೆಯಲ್ಲಿ ಉಳಿಯುತ್ತದೆ. ಯುಗಾದಿಗೇ ತಳ ಕಂಡರೆ ಕರೆಯುವ ಹಸುವೂ ಸಂತೆಯ ದಾರಿ ಹಿಡಿಯುತ್ತದೆ.

ಮಂಚನಬೆಲೆ, ಕಣ್ವ, ಇಗ್ಗಲೂರು ಎಂದು ಜಲಾಶಯಗಳ ಹೆಸರು ಹೇಳಬಹುದಾದರೂ ರಾಮನಗರ ಜಿಲ್ಲೆಯ ಬಹುಪಾಲು ಹೊಲ ಮಳೆಯನ್ನೇ ನಂಬಿದೆ. ಮನೆಯ ಖರ್ಚು ಮಾತ್ರ ಡೇರಿ ಬಟವಾಡೆಯನ್ನು ನಂಬಿದೆ. ಹಾಲು ಕೊಡುವ ಮಿಶ್ರತಳಿ ಹಸುವೊಂದು ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ. ಅದರ ಹಸಿ ಮೇವು ಬೆಳೆಯಲು ಬೇಕಾಗುವ ನೀರು ಇದರ ಎಷ್ಟೋ ಪಟ್ಟು. ಬೋರ್‌ವೆಲ್ ಇದ್ದವರು ಸೀಮೆಹುಲ್ಲು ಹಾಕುತ್ತಾರೆ. ಬೈರಮಂಗಲದ ಸುತ್ತ ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿಯ ನೀರೇ ಮೇವಿಗೂ ಗತಿ. ರಾಜಧಾನಿ ಕಳಿಸಿದ ಕೊಳಚೆಯಲ್ಲಿ ಬೆಳೆದ ಹುಲ್ಲು ಹಾಲಾಗಿ ಮತ್ತೆ ರಾಜಧಾನಿಗೇ ಹೋಗುತ್ತಿರುವುದು ನಾವೆಲ್ಲ ನಾಚಬೇಕಾದ ಸಂಗತಿ.

ಮೇವಿಗೆ ನೀರು ಸಾಲದಾದಾಗ ದುಡ್ಡಿದ್ದವರು ಹುಡುಕಿದ ದಾರಿಯೇ ಬೇರೆ. ನೀರಿಲ್ಲದ ಸೌದಿ ಅರೇಬಿಯಾ ಮರುಭೂಮಿಯಲ್ಲೇ ದೊಡ್ಡ ದೊಡ್ಡ ಡೇರಿಗಳನ್ನು ಕಟ್ಟಿತು. ಮೇವಿಗಾಗಿ ಅಂತರ್ಜಲ ಬರಿದಾಗುತ್ತ ಬಂದಾಗ ಅಲ್ಲಿನ ಅಲ್‌ಮರಾಯ್ ಕಂಪನಿ 2011ರಲ್ಲಿ ಅರ್ಜೆಂಟೀನಾದಲ್ಲೂ 2014ರಲ್ಲಿ ಅಮೆರಿಕದ ಅರಿಜೋನಾದಲ್ಲೂ ಜಮೀನು ಕೊಂಡಿತು. ಎಣ್ಣೆಯ ದುಡ್ಡಿದ್ದವರಿಗೆ ಅದು ಸಾಧ್ಯ. ಎರಡು ಹಸು ಕಟ್ಟಿಕೊಂಡ ಚನ್ನಪಟ್ಟಣದ ಹೆಣ್ಣುಮಗಳಿಗೆ ಮೇವು ತನ್ನ ಹೊಲದಿಂದಲೇ ಬರಬೇಕು.

ಹಿಂದಿನವರು ಇದನ್ನು ಅಕ್ಕಡಿ ಸಾಲಿನಲ್ಲೇ ಹೊಂದಿಸಿಕೊಂಡಿದ್ದರು. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದು ನಿಲ್ಲುತ್ತಿತ್ತು. ಕಾಳು ಮನೆಗೆ, ಜೋಳದ ದಂಟು, ಅವರೆ ಹೊಟ್ಟು, ರಾಗಿ ಹುಲ್ಲು ದನಕ್ಕೆ. ರೇಷ್ಮೆ ಮನೆಗಳಲ್ಲಿ ಹುಳು ತಿಂದು ಬಿಟ್ಟ ಸೊಪ್ಪೂ ಕುರಿ, ಹಸುಗಳ ಬಾಯಿಗೆ ಬೀಳುತ್ತಿತ್ತು, ಇಂದಿಗೂ ಬೀಳುತ್ತದೆ. ಇದಕ್ಕಿಂತ ಗಟ್ಟಿಯಾದ ಆಹಾರ ಭದ್ರತೆಯ ಯೋಜನೆಯನ್ನು ನಾನು ಯಾವ ಸರ್ಕಾರಿ ಕಡತದಲ್ಲೂ ಕಂಡಿಲ್ಲ.

ಆ ಹೊಲಗಳೇ ಈಗ ಕರಗುತ್ತಿವೆ. ಒಂದು ಕಡೆ ಮಾವು, ಇನ್ನೊಂದು ಕಡೆ ಬಡಾವಣೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲಂತೂ ಎಕರೆಯ ಲೆಕ್ಕ ಹೋಗಿ ಚದರಡಿಯ ಮಾತೇ ಹೆಚ್ಚು. ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ಅಷ್ಟು ಉಳಿದಿರುವ ಊರು ಹುಡುಕಿದರೆ ಸಿಗುವುದು ಕಷ್ಟ. ಕೂಲಿಯಾಳು ಸಿಗದೆ ಯಂತ್ರದಿಂದ ಕೊಯ್ಲು ಮಾಡಿಸಿದರೆ ರಾಗಿ ಬೇಗ ಮನೆ ಸೇರುತ್ತದೆ ನಿಜ, ಹುಲ್ಲು ತುಂಡಾಗಿ ನಜ್ಜುಗುಜ್ಜಾಗಿ ಅರ್ಧಕ್ಕರ್ಧ ಹೊಲದಲ್ಲೇ ಉಳಿಯುತ್ತದೆ.

2025–26ರ ಹಂಗಾಮಿಗೆ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ನಿಗದಿಯಾಯಿತು. ಹುಲ್ಲಿಗೆ ಅಂಥ ಬೆಲೆಯೇ ಇಲ್ಲ. ಅದರ ಬೆಲೆ ನೆನಪಾಗುವುದು ಬರ ಬಂದಾಗ ಮಾತ್ರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬರ ಘೋಷಿಸಿದ ಮೇಲೆ ಮೇವು ಹುಡುಕಲು ಹೊರಟರೆ ಇರುವ ಮೇವೂ ದುಬಾರಿ. ಹಾಲು ಒಕ್ಕೂಟ ಮತ್ತು ಪಶುಪಾಲನಾ ಇಲಾಖೆ ಜನವರಿಯಲ್ಲೇ, ಮೆದೆ ಒಟ್ಟುವ ಹೊತ್ತಿನಲ್ಲೇ, ಒಳ್ಳೆಯ ಬೆಲೆ ಕೊಟ್ಟು ರಾಗಿ ಹುಲ್ಲು ಕೊಂಡು ಹೋಬಳಿಗೊಂದು ಮೇವು ಬ್ಯಾಂಕ್ ತುಂಬಿಸಲಿ. ಅಕ್ಕಡಿ ಬೆಳೆಯುವವರಿಗೆ ಹಾಲಿನ ಪ್ರೋತ್ಸಾಹಧನದಂತೆಯೇ ಎಕರೆಗೆ ಇಷ್ಟೆಂದು ಹಣ ಕೊಡಲಿ. ಮುಂದಿನ ಬಜೆಟ್‌ನಲ್ಲೇ ಇದಕ್ಕೆ ಜಾಗ ಸಿಗಬೇಕು.