ಪಾನಗೃಹದ ಅಂಗಳದಲ್ಲಿ ಇತಿಹಾಸ

ಲಂಡನ್ನಿನಲ್ಲಿ ಕಾಲ್ನಡಿಗೆಯ ಪ್ರವಾಸವೆಂಬ ಪದ್ಧತಿಯೊಂದುಂಟು. ಮಾರ್ಗದರ್ಶಿಯು ಹತ್ತಾರು ಮಂದಿಯನ್ನು ಕೂಡಿಸಿಕೊಂಡು ಓಣಿ, ಚರ್ಚು, ಸೇತುವೆಗಳನ್ನು ತೋರಿಸುತ್ತ, ನಡುನಡುವೆ ಹಳೆಯ ಪಬ್ಬುಗಳಿಗೂ ಕರೆದೊಯ್ಯುತ್ತಾನೆ. ಪಬ್ಬೆಂದರೆ ಹೆಂಡದಂಗಡಿಯಲ್ಲವೇ ಎಂದು ಕೇಳುಗರು ಮೂಗು ಮುರಿಯಬಹುದು. ನಾನೂ ಮದ್ಯ ಮುಟ್ಟುವವನಲ್ಲ. ಆದರೆ ಇವುಗಳಲ್ಲಿ ಕೆಲವು ಹಿಂದೆ ದಾರಿಹೋಕರಿಗೆ ಊಟ, ಹಾಸಿಗೆ, ಕುದುರೆಗೆ ಲಾಯ ಒದಗಿಸುತ್ತಿದ್ದ ತಂಗುದಾಣಗಳು. ಹಣ ತೆತ್ತು ಇಳಿದುಕೊಳ್ಳುವ ಛತ್ರಗಳೆನ್ನಿ.

ಥೇಮ್ಸ್ ನದಿಯ ದಕ್ಷಿಣ ದಡದ ಸದರ್ಕ್ ಬಡಾವಣೆಯನ್ನೇ ನೋಡೋಣ. ಚಾಸರ್ ಕವಿಯ ಯಾತ್ರಿಕರು ಕ್ಯಾಂಟರ್ಬರಿಗೆ ಹೊರಟದ್ದು ಇಲ್ಲಿನ ಟ್ಯಾಬರ್ಡ್ ಎಂಬ ತಂಗುದಾಣದಿಂದ. 19ನೆಯ ಶತಮಾನದಲ್ಲಿ ಅದನ್ನು ಕೆಡವಿದರು. ಈಗ ಅಲ್ಲಿರುವುದು ಒಂದು ಓಣಿ, ಒಂದು ಫಲಕ. ಅದರ ನೆರೆಯ ‘ಜಾರ್ಜ್’ 1676ರ ಬೆಂಕಿಗೆ ಆಹುತಿಯಾಗಿ, ಮರುವರ್ಷ ಮತ್ತೆ ಎದ್ದಿತು. 1889ರಲ್ಲಿ ರೈಲ್ವೆ ಕಂಪನಿಯೊಂದು ಅದರ ಬಹುಭಾಗವನ್ನು ಕೆಡವಿತು. ಒಂದು ಪಾರ್ಶ್ವ ಮಾತ್ರ ಉಳಿಯಿತು. 1937ರಿಂದ ಅದು ನ್ಯಾಷನಲ್ ಟ್ರಸ್ಟಿನ ಸ್ವತ್ತು. ಅಂಗಳಕ್ಕೆ ಚಾಚಿದ ಅದರ ಮರದ ಕೈಸಾಲೆಗಳನ್ನು ಇಂದಿಗೂ ಕಾಣಬಹುದು. ಡಿಕನ್ಸನ ‘ಲಿಟ್ಲ್ ಡಾರಿಟ್’ ಕಾದಂಬರಿಯಲ್ಲಿ ಇದರ ಹೆಸರು ಬರುತ್ತದೆ.

ಟ್ಯಾಬರ್ಡಿನ ಹೆಸರನ್ನು ಕಾವ್ಯ ಉಳಿಸಿತು. ಕಟ್ಟಡವನ್ನು ಉಳಿಸಲು ಅದರಿಂದಾಗಲಿಲ್ಲ. ಜಾರ್ಜ್ ಇಂದಿಗೂ ಪಬ್ಬಾಗಿಯೇ ಇದೆ. ಜನರು ಒಳಹೊಕ್ಕು, ಬೆಂಚಿನ ಮೇಲೆ ಕುಳಿತು, ಉಂಡು ಕುಡಿದು, ಅದರ ಕಥೆಯನ್ನು ಕೇಳಿಕೊಂಡು ಹೋಗುತ್ತಾರೆ. ಹಳೆಯ ಮನೆಗೆ ಕಾವಲುಗಾರನಷ್ಟೇ ಸಾಲದು, ಒಕ್ಕಲೂ ಬೇಕು. ಬೀಗ ಬಿದ್ದು, ತೊಲೆಗೆ ಗೆದ್ದಲು ಹಿಡಿದ ನಮ್ಮ ಛತ್ರಗಳನ್ನು ಕಂಡಾಗಲೆಲ್ಲ ಈ ಮಾತು ನನ್ನನ್ನು ಚುಚ್ಚುತ್ತದೆ.