ಮಧ್ಯಾವಧಿಯ ಅಂಕ, ಮನಸ್ಸಿನ ಆತಂಕ

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ರೆ ಎಂಬುದು ಕನ್ನಡದ ಹಳೆಯ ಗಾದೆ. ಕಾಲೇಜಿನ ಮಧ್ಯಾವಧಿ ಪರೀಕ್ಷೆಯ ಅಂಕಗಳು ಹೊರಬಿದ್ದ ರಾತ್ರಿ ಈ ಗಾದೆಯ ಇನ್ನೊಂದು ಮುಖ ಕಾಣಿಸುತ್ತದೆ. ಮನೆಯಲ್ಲಿ ಸಂತೆಯ ಗದ್ದಲವಿಲ್ಲ, ಕೊನೆಯ ಲೋಕಲ್ ಗಾಡಿಯ ಸದ್ದೂ ಅಡಗಿದೆ. ಆದರೂ ಹಾಸಿಗೆಯ ಮೇಲಿರುವ ವಿದ್ಯಾರ್ಥಿಗೆ ನಿದ್ರೆಯಿಲ್ಲ.

ಮುಂಬಯಿಯ ಸಮೀಪದ ಡೊಂಬಿವಲಿಯಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಭಾವಿಸಿಕೊಳ್ಳಬಹುದು. ಮಗಳು ಇಂಜಿನಿಯರಿಂಗ್ ವ್ಯಾಸಂಗದ ಎರಡನೆಯ ವರ್ಷದಲ್ಲಿದ್ದಾಳೆ. ಗಣಿತದ ಮಧ್ಯಾವಧಿ ಪರೀಕ್ಷೆಯಲ್ಲಿ ಅವಳಿಗೆ 30ಕ್ಕೆ 11 ಅಂಕ ಬಂದಿದೆ. ತಂದೆ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಮಗಳ ಓದಿಗಾಗಿ ಬ್ಯಾಂಕಿನಿಂದ ಸಾಲ ಪಡೆದವರು. “ಇಷ್ಟೇ ಏನಮ್ಮಾ?” ಎಂದು ಅವರು ಕೇಳಿದ್ದು ಒಂದೇ ಮಾತು. ಮಗಳು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಈ ವಿಷಯ ಹೋಯಿತು, ಶ್ರೇಣಿ ಹೋಯಿತು, ಕ್ಯಾಂಪಸ್ ಸಂದರ್ಶನ ಹೋಯಿತು, ಇನ್ನು ಅಪ್ಪನ ಸಾಲ ತೀರುವುದೆಂತು ಎಂದು ಅವಳ ಮನಸ್ಸು ಒಂದೇ ರಾತ್ರಿಯಲ್ಲಿ ಹತ್ತು ವರ್ಷ ಮುಂದಕ್ಕೆ ಓಡಿತು.

ಇಲ್ಲಿ ತಂದೆ ಮಗಳಿಬ್ಬರೂ ಒಂದೇ ಅಂಕವನ್ನು ಎರಡು ಬಗೆಯಾಗಿ ತಪ್ಪು ಓದಿದ್ದಾರೆ. ತಂದೆಯ ಕಾಲದಲ್ಲಿ ಹಣೆಬರಹವನ್ನು ನಿರ್ಧರಿಸುತ್ತಿದ್ದುದು ವರ್ಷದ ಕೊನೆಯ ಪರೀಕ್ಷೆಯೊಂದೇ. ಆದುದರಿಂದ 11 ಎಂಬುದು ಅವರಿಗೆ ತೀರ್ಪಿನಂತೆ ಕಂಡಿತು. ಮಗಳಾದರೋ ಲೆಕ್ಕದ ವಿದ್ಯಾರ್ಥಿನಿಯಾಗಿದ್ದೂ ಲೆಕ್ಕವನ್ನು ಮಾಡಿ ನೋಡಲಿಲ್ಲ.

ಲೆಕ್ಕ ಏನು ಹೇಳುತ್ತದೆ?

ಅವಳ ಕಾಲೇಜಿನಲ್ಲಿ ಮಧ್ಯಾವಧಿಗೆ 30, ಅಸೈನ್‌ಮೆಂಟು ಮತ್ತು ಕಿರುಪರೀಕ್ಷೆಗಳಿಗೆ 20, ಅಂತಿಮ ಪರೀಕ್ಷೆಗೆ 50 ಅಂಕಗಳೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಶ್ರದ್ಧೆಯಿಂದ ಮಾಡಿದ ಕೆಲಸಕ್ಕೆ 20ಕ್ಕೆ 16 ದೊರೆತರೆ ಕೈಯಲ್ಲಿ 27 ಅಂಕಗಳಿರುತ್ತವೆ. ಒಟ್ಟು 60 ತಲಪಲು ಅಂತಿಮ ಪರೀಕ್ಷೆಯಲ್ಲಿ 50ಕ್ಕೆ 33 ಬೇಕು. 50 ತಲಪಲು 23 ಸಾಕು. ಅಂತಿಮ ಪರೀಕ್ಷೆಯಲ್ಲಿ ಪೂರ್ಣಾಂಕ ಬಂದರೂ ಒಟ್ಟು 77ನ್ನು ಮೀರದು ಎಂಬುದೂ ಅಷ್ಟೇ ನಿಜ. ನಷ್ಟವಾಗಿದೆ, ಆದರೆ ಸರ್ವನಾಶವಾಗಿಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2015ರಲ್ಲಿ ಸೂಚಿಸಿದ ಹತ್ತರ ಮಾನದಲ್ಲಿ ಬಿ ಪ್ಲಸ್ ಶ್ರೇಣಿಗೆ 7, ಬಿ ಶ್ರೇಣಿಗೆ 6 ಅಂಶಗಳು. 20 ಕ್ರೆಡಿಟ್‌ಗಳ ಸೆಮಿಸ್ಟರಿನಲ್ಲಿ 4 ಕ್ರೆಡಿಟ್‌ಗಳ ಒಂದು ವಿಷಯವು ಒಂದು ಮೆಟ್ಟಿಲು ಕೆಳಗಿಳಿದರೆ ಆ ಸೆಮಿಸ್ಟರಿನ ಸರಾಸರಿ ಇಳಿಯುವುದು 0.2 ಮಾತ್ರ, 160 ಕ್ರೆಡಿಟ್‌ಗಳ ಇಡೀ ಪದವಿಯಲ್ಲಿ 0.025. ಕೆಲವು ಸಂಸ್ಥೆಗಳಲ್ಲಿ ತರಗತಿಯ ಉಳಿದವರೊಡನೆ ಹೋಲಿಸಿ ಶ್ರೇಣಿ ಕೊಡುವ ಪದ್ಧತಿಯಿದೆ. ಅಲ್ಲಿ ಇತರರ ಅಂಕವನ್ನು ತಿಳಿಯದೆ 11 ಕಡಿಮೆಯೋ ಹೆಚ್ಚೋ ಎಂದು ಹೇಳುವಂತೆಯೇ ಇಲ್ಲ. ಅಂತಿಮ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಇಷ್ಟು ಅಂಕ ಬರಲೇಬೇಕೆಂಬ ನಿಯಮವಿದೆಯೇ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.

ಚಿಂತೆಯೂ ದೇಹವೂ

ಅಲ್ಪಸ್ವಲ್ಪ ಕಳವಳವು ರೋಗವಲ್ಲ. 1908ರಲ್ಲಿ ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಠಿಣವಾದ ಪಾಠವನ್ನು ಕಲಿಯಲು ಮಧ್ಯಮ ಪ್ರಮಾಣದ ಪ್ರಚೋದನೆಯೇ ಹೆಚ್ಚು ಅನುಕೂಲವೆಂದು ಕಂಡುಬಂದಿತು. ಭಯವು ಮಿತಿಮೀರಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸಗಳು ರಕ್ತದಲ್ಲಿ ಹೆಚ್ಚುತ್ತವೆ. ಎದೆ ಬಡಿದುಕೊಳ್ಳುತ್ತದೆ, ಹಸಿವು ಕೆಡುತ್ತದೆ, ನಿದ್ರೆ ದೂರವಾಗುತ್ತದೆ. ಚಿಂತೆಯು ಮನಸ್ಸಿನ ತಾತ್ಕಾಲಿಕ ಸ್ಮರಣೆಯನ್ನು ಆಕ್ರಮಿಸಿಕೊಳ್ಳುವುದರಿಂದ ಲೆಕ್ಕ ಬಿಡಿಸಲು ಅಲ್ಲಿ ಸ್ಥಳವೇ ಉಳಿಯುವುದಿಲ್ಲ.

ಇಂತಹ ಸಮಯದಲ್ಲಿ ರಾತ್ರಿಯಿಡೀ ಎದ್ದಿದ್ದು ಓದುವುದು ಹಾನಿಗೆ ಹಾನಿಯನ್ನು ಸೇರಿಸಿದಂತೆ. ಹಗಲು ಓದಿದ್ದು ಸ್ಥಿರವಾಗಿ ನೆಲೆಗೊಳ್ಳಲು ನಿದ್ರೆ ನೆರವಾಗುತ್ತದೆ. ಮಧ್ಯರಾತ್ರಿ ಕುಡಿದ ಚಹಾ ಕಾಫಿಗಳ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಗಳ ನಂತರವೂ ದೇಹದಲ್ಲಿಯೇ ಇರುತ್ತದೆ.

ಪರಿಹಾರೋಪಾಯ

ಉತ್ತರಪತ್ರಿಕೆಯನ್ನು ಮುಚ್ಚಿಡದೆ ಅಧ್ಯಾಪಕರ ಬಳಿ ಕೊಂಡೊಯ್ಯುವುದೇ ಮೊದಲ ಮದ್ದು. ಹೋದ ಅಂಕಗಳನ್ನು ಮೂರು ಪಾಲು ಮಾಡಬೇಕು: ತಿಳಿಯದೆ ಹೋದವು, ತಿಳಿದೂ ಕೈತಪ್ಪಿದವು, ಸಮಯ ಸಾಲದೆ ಬಿಟ್ಟವು. ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ಜಾಗರೂಕತೆ, ಮೂರನೆಯದಕ್ಕೆ ಗಡಿಯಾರವನ್ನಿಟ್ಟುಕೊಂಡು ಮಾಡುವ ಅಭ್ಯಾಸ.

ಓದುವ ಕ್ರಮವೂ ಬದಲಾಗಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಬಳಿಕ ಮುಂದಿದ್ದರು; ಆದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಒಂದು ವಾರದ ಬಳಿಕ ಅವರನ್ನು ಮೀರಿಸಿದರು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದರ ಬೆಲೆ ಇದರಿಂದ ಸ್ಪಷ್ಟವಾಗುತ್ತದೆ.

ತಂದೆತಾಯಿಗಳ ಪಾತ್ರವೂ ಸಣ್ಣದಲ್ಲ. ನೆರೆಮನೆಯ ಹುಡುಗನಿಗೆ ಎಷ್ಟು ಬಂತೆಂದು ಕೇಳುವುದರಿಂದ ಒಂದು ಅಂಕವೂ ಹೆಚ್ಚದು. “ಊಟ ಮಾಡಮ್ಮಾ, ಎಲ್ಲಿ ಕಷ್ಟವಾಯಿತೆಂದು ಆಮೇಲೆ ನೋಡೋಣ” ಎಂಬ ಮಾತಿನಿಂದ ಮಕ್ಕಳ ಅರ್ಧ ಭಾರ ಇಳಿಯುತ್ತದೆ. ಎರಡು ವಾರಗಳಾದರೂ ನಿದ್ರಾಹಾರಗಳು ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಬದುಕೇ ಬೇಡವೆಂಬ ಮಾತು ಬಂದರೆ ಒಂದು ಗಳಿಗೆಯೂ ತಡಮಾಡಬಾರದು, ಮಗುವನ್ನು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಮಾರ್ಗದರ್ಶಕ ಸಂಸ್ಥೆ. ಕನ್ನಡದಲ್ಲಿಯೂ ಮಾತನಾಡುವ ಅನುಕೂಲವಿದೆ.

ಡೊಂಬಿವಲಿಯ ಆ ಮನೆಯಲ್ಲಿ ಮರುದಿನ ತಂದೆ ಮಗಳಿಬ್ಬರೂ ಕುಳಿತು ಒಂದು ಹಾಳೆಯ ಮೇಲೆ 33 ಎಂದು ಬರೆದುಕೊಂಡರೆ, ಆಕಾರವಿಲ್ಲದ ಭಯಕ್ಕೆ ಒಂದು ಅಳತೆ ದೊರೆತಂತಾಯಿತು. ಮಧ್ಯಾವಧಿ ಎಂಬ ಹೆಸರೇ ಹೇಳುವಂತೆ ಅದು ನಡುದಾರಿಯ ಪರೀಕ್ಷೆ. ಉಳಿದರ್ಧ ದಾರಿಯನ್ನು ನಡೆಯುವುದಕ್ಕೆ ಬೇಕಾದ ಬಲವನ್ನು ಚಿಂತೆಗೆ ತೆತ್ತು ಬರಿಗೈಯಾಗಬಾರದು.