ಮನೆಯ ವೈಫೈಗೆ ಬೀಗ ಹಾಕಿದ್ದೀರಾ?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಅನೇಕ ಮನೆಗಳಿಂದ ಮಕ್ಕಳು ಕೊಲ್ಲಿ ದೇಶಗಳಲ್ಲಿ, ಮುಂಬೈಯಲ್ಲಿ ದುಡಿಯುತ್ತಿದ್ದಾರೆ. ಅವರ ಮುಖ ನೋಡಿ ಮಾತನಾಡಲೆಂದೇ ಎಷ್ಟೋ ಮನೆಗಳಿಗೆ ಇಂಟರ್ನೆಟ್ ಬಂದಿದೆ. ಆದರೆ ರೂಟರ್‌ನ ಅಲೆಗಳು ಕಂಪೌಂಡಿನೊಳಗೇ ನಿಲ್ಲುವುದಿಲ್ಲ. ಪಾಸ್‌ವರ್ಡ್ ಇಲ್ಲದಿದ್ದರೆ ರಸ್ತೆಯಲ್ಲಿ ನಿಂತವರೂ ಅದನ್ನು ಬಳಸಬಹುದು.

"ಬಳಸಿದರೆ ಬಳಸಲಿ, ನಮಗೇನು ನಷ್ಟ?" ಎಂದು ಕೇಳುವವರಿದ್ದಾರೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ನಡೆಯುವ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬೆದರಿಕೆಯ ಇ-ಮೇಲ್ ಬಂದಿತ್ತು. ತನಿಖಾಧಿಕಾರಿಗಳು ಅದರ ಜಾಡು ಹಿಡಿದು ತಲುಪಿದ್ದು ನವಿ ಮುಂಬೈನಲ್ಲಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಅವರ ರಕ್ಷಣೆಯಿಲ್ಲದ ವೈಫೈಯನ್ನು ಬೇರೆಯವರು ಬಳಸಿದ್ದರು. ಅವರ ಕೈವಾಡ ಇರಲಿಲ್ಲ. ಆದರೂ ವಿಚಾರಣೆ ತಪ್ಪಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈಫೈ ಸುರಕ್ಷತೆಯ ಬಗ್ಗೆ ಇಂಟರ್ನೆಟ್ ಕಂಪೆನಿಗಳಿಗೆ ಸೂಚನೆ ಹೊರಡಿಸಿತು.

ಕಾರಣ ಸರಳ. ಹೊರಗಿನಿಂದ ನೋಡುವವರಿಗೆ ಮನೆಯ ಎಲ್ಲ ಫೋನ್, ಕಂಪ್ಯೂಟರ್‌ಗಳಿಗೆ ಸೇರಿ ಕಾಣುವುದು ಒಂದೇ ವಿಳಾಸ. ಆ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲನ್ನೇ ಪೊಲೀಸರು ಮೊದಲು ತಟ್ಟುತ್ತಾರೆ.

ಹಾಗಾದರೆ ಏನು ಮಾಡಬೇಕು?

1. ರೂಟರ್‌ಗೆ ಎರಡು ಪಾಸ್‌ವರ್ಡ್‌ಗಳಿರುತ್ತವೆ: ವೈಫೈ ಸೇರಲು ಒಂದು, ರೂಟರ್‌ನ ಸೆಟ್ಟಿಂಗ್ ತೆರೆಯಲು ಇನ್ನೊಂದು. ಎರಡನ್ನೂ ಬದಲಿಸಿ. ಸೆಟ್ಟಿಂಗ್ ಪುಟದ ವಿಳಾಸ ಸಾಮಾನ್ಯವಾಗಿ ರೂಟರ್‌ನ ಕೆಳಭಾಗದ ಚೀಟಿಯಲ್ಲಿರುತ್ತದೆ. ತಿಳಿಯದಿದ್ದರೆ ಸಂಪರ್ಕ ಕೊಟ್ಟವರನ್ನೇ ಕರೆದು ಮಾಡಿಸಿಕೊಳ್ಳಿ.

2. ಸುರಕ್ಷತೆಯ ವಿಧಾನವಾಗಿ ಡಬ್ಲ್ಯೂಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯೂಪಿಎ3 ಆರಿಸಿ. ಹಳೆಯ ಡಬ್ಲ್ಯೂಇಪಿ ಬೇಡ. ಅದನ್ನು ಮುರಿಯಬಹುದೆಂದು 2001ರಲ್ಲೇ ತೋರಿಸಲಾಗಿದೆ.

3. ಪಾಸ್‌ವರ್ಡ್ ಉದ್ದವಾಗಿರಲಿ. ಡಬ್ಲ್ಯೂಪಿಎ2 ಇರುವಲ್ಲಿ ಕಳ್ಳನು ಸಂಪರ್ಕದ ಸಂಕೇತಗಳನ್ನು ಒಮ್ಮೆ ಹಿಡಿದಿಟ್ಟುಕೊಂಡು, ಆಮೇಲೆ ತನ್ನ ಮನೆಯಲ್ಲೇ ಕುಳಿತು ಕಂಪ್ಯೂಟರಿನಿಂದ ಲಕ್ಷಾಂತರ ಊಹೆಗಳನ್ನು ಪರೀಕ್ಷಿಸಬಹುದು. ಫೋನ್ ನಂಬರ್, ಮನೆಯ ಹೆಸರು, ಮಕ್ಕಳ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ.

4. ಡಬ್ಲ್ಯೂಪಿಎಸ್ ಎಂಬ ಸೌಲಭ್ಯವನ್ನು ಆಫ್ ಮಾಡಿ. ಅದರ 8 ಅಂಕಿಗಳ ಪಿನ್ ಅನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ ಸುಮಾರು 11,000 ಯತ್ನಗಳೊಳಗೆ ಸಿಕ್ಕಿಬಿಡುತ್ತದೆ ಎಂದು 2011ರಲ್ಲಿ ಬಯಲಾಯಿತು.

5. ವೈಫೈ ಹೆಸರನ್ನು ಮರೆಮಾಡಿದರೆ ಸಾಕೆಂದು ನಂಬಬೇಡಿ. ಹೆಸರು ಹುಡುಕುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.

ನೆರೆಮನೆಯ ಮಗುವಿಗೆ ಪರೀಕ್ಷೆಯ ಫಲಿತಾಂಶ ನೋಡಬೇಕು, ರಜೆಗೆ ಬಂದ ನೆಂಟರಿಗೆ ಇಂಟರ್ನೆಟ್ ಬೇಕು. ಇಲ್ಲವೆನ್ನಲು ಮನಸ್ಸು ಬಾರದು. ಇದಕ್ಕಾಗಿಯೇ ಅನೇಕ ರೂಟರ್‌ಗಳಲ್ಲಿ 'ಗೆಸ್ಟ್' ಜಾಲ ಇರುತ್ತದೆ. ಅದಕ್ಕೆ ಬೇರೆ ಪಾಸ್‌ವರ್ಡ್ ಇಟ್ಟು, ಪರಿಚಯದವರಿಗೆ ಮಾತ್ರ ಕೊಡಿ; ಅವರು ಹೋದ ಮೇಲೆ ಬದಲಿಸಿ. ಚರ್ಚ್ ಕಚೇರಿಗಳಲ್ಲೂ ಇದೇ ಕ್ರಮ ಒಳ್ಳೆಯದು. ಜ್ಞಾನಸ್ನಾನ, ವಿವಾಹದ ದಾಖಲೆಗಳಿರುವ ಕಂಪ್ಯೂಟರ್ ಒಂದು ಜಾಲದಲ್ಲಿರಲಿ, ಬಂದುಹೋಗುವವರ ಮೊಬೈಲ್‌ಗಳು ಇನ್ನೊಂದರಲ್ಲಿರಲಿ.

ಇದಕ್ಕೆ ಖರ್ಚಿಲ್ಲ, ಅರ್ಧ ಗಂಟೆ ಸಾಕು. ರಾತ್ರಿ ಮಲಗುವ ಮುನ್ನ ಬಾಗಿಲ ಚಿಲಕ ಹಾಕುತ್ತೇವೆ. ಅದು ನೆರೆಯವರ ಮೇಲಿನ ಸಂಶಯದಿಂದಲ್ಲ. ವೈಫೈ ಪಾಸ್‌ವರ್ಡ್ ಕೂಡ ಹಾಗೆಯೇ.